‘ಇದಲ್ಲ’ ಎಂಬ ಹೆಸರು

ಎನೆಬಿಶ್ ಬೂಟಿನ ಹಿಮ್ಮಡಿಯಿಂದ ನೆಲಕ್ಕೆ ಒದ್ದಳು. ಮಂಜುಗಡ್ಡೆ ಬಿರಿಯಲಿಲ್ಲ. ಕಾಲೇ ಜುಮ್ಮೆಂದಿತು.

ಹುಲ್ಲು ಅಲ್ಲೇ ಇತ್ತು, ಗಾಜಿನ ಅಡಿಯಲ್ಲಿ ಇಟ್ಟ ಹಾಗೆ. ಕುರಿಗಳು ಮೇಲಿನಿಂದ ನೆಕ್ಕಿ ನೆಕ್ಕಿ ಸೋತಿದ್ದವು.

“ಏಯ್ ‘ಇದಲ್ಲ’! ನೆಲಕ್ಕೆ ನೋವಾಗುತ್ತೆ ಕಣೇ!” ಪಕ್ಕದ ಗುಡಾರದ ಚುಲೂನ್ ನಕ್ಕ. ಅವರ ಭಾಷೆಯಲ್ಲಿ ಎನೆಬಿಶ್ ಅಂದರೆ ‘ಇದಲ್ಲ’ ಎಂದೇ ಅರ್ಥ. ಶಾಲೆಯ ಹಾಸ್ಟೆಲಿನಲ್ಲೂ ಅವಳಿಗೆ ಇದೇ ಗೇಲಿ.

“ಚಳಿಗಾಲದಲ್ಲಿ ಯಾರಾದ್ರೂ ಮಳೆ ಸುರಿಸಿ ಹೀಗೆ ಗಡ್ಡೆ ಕಟ್ಟಿಸ್ತಾರೇನೋ?” ಎನೆಬಿಶ್ ಸಿಡುಕಿದಳು.

“ಟೀಚರ್ ಹೇಳಿದ್ರಲ್ಲ! ಉತ್ತರದ ಸಮುದ್ರದಲ್ಲಿ ಮಂಜು ಕರಗಿ, ಅಲ್ಲಿನ ಚಳಿ ಹಗ್ಗ ಬಿಚ್ಚಿದ ಕುದುರೆ ಥರ ಎಲ್ಲೆಲ್ಲೋ ಓಡ್ತಿದೆ. ದಕ್ಷಿಣದ ಸಮುದ್ರ ಬಿಸಿಯಾಗಿ ಗಾಳೀನೇ ದಾರಿ ತಪ್ಪಿಸ್ತಿದೆ. ಮಧ್ಯೆ ಸಿಕ್ಕಿಕೊಂಡಿರೋದು ನಾವು.”

“ನಾನು ಸಮುದ್ರ ನೋಡೇ ಇಲ್ಲ! ಅದರ ರಗಳೆಗೆ ನಮ್ಮ ಕುರಿ ಯಾಕೆ ಸಾಯ್ಬೇಕು?”

ಚುಲೂನ್ ತನ್ನ ಕುರಿಗಳತ್ತ ನಡೆದ.

ಗುಡಾರದೊಳಗೆ ಅಪ್ಪ ಆಗಷ್ಟೇ ಹುಟ್ಟಿದ ಮರಿಯೊಂದನ್ನು ಒಲೆಯ ಪಕ್ಕ ಇಟ್ಟ. “ಇದರ ತಾಯಿ ಹೋಯ್ತು. ಇದೂ ಉಳಿಯಲ್ಲ. ಇರೋ ಹಾಲು ಗಟ್ಟಿ ಮರಿಗಳಿಗೆ ಇರಲಿ.”

“ಆಗಲ್ಲ!” ಎನೆಬಿಶ್ ಮರಿಯನ್ನು ಕೋಟಿನೊಳಗೆ ತುರುಕಿಕೊಂಡಳು. “ಮರಿ ಸತ್ತ ಆ ಕಪ್ಪು ಕುರಿ ಇದೆಯಲ್ಲ, ಅದು ಕುಡಿಸುತ್ತೆ.”

“ಅದು ಒದೆಯುತ್ತೆ.”

“ಒದೀಲಿ. ನಾನು ಹಾಡ್ತೀನಿ.”

ಕುರಿಯನ್ನು ಒಳಗೆ ತಂದರು. ತನ್ನದಲ್ಲದ ಮರಿಯನ್ನು ಮೂಸಿ ಅದು ದೂಡಿಬಿಟ್ಟಿತು. ತಬ್ಬಲಿ ಮರಿಗೆ ಕುರಿಯನ್ನು ಒಲಿಸಲು ಅಜ್ಜಿ ಕಲಿಸಿದ್ದ ಹಾಡನ್ನು ಎನೆಬಿಶ್ ಎತ್ತಿಕೊಂಡಳು: “ತೊಯ್ಗ್, ತೊಯ್ಗ್, ತೊಯ್ಗ್...” ಕುರಿ ಮತ್ತೆ ದೂಡಿತು. ಅವಳು ಮತ್ತೆ ಹಾಡಿದಳು. ಹಾಡು ನಿಲ್ಲಲಿಲ್ಲ.

ಒಲೆಯ ಆಚೆ ಕೂತಿದ್ದ ಅಜ್ಜಿ ಜಪಮಾಲೆ ಎಣಿಸುತ್ತಾ ಮೆಲ್ಲಗೆ ಹೇಳಿದರು: “ನೀನು ಹುಟ್ಟಿದಾಗ್ಲೂ ಹೀಗೇ ಇದ್ದೆ, ಬೆರಳಷ್ಟು. ನಿನಗಿಂತ ಮುಂಚಿನ ಕೂಸುಗಳು ಉಳೀಲಿಲ್ಲ ಮಗಾ. ಸಾವು ಬಂದು ಕೇಳಿದ್ರೆ, ‘ನೀನು ಹುಡುಕ್ತಿರೋ ಮಗು ಇದಲ್ಲ, ಮುಂದೆ ಹೋಗು’ ಅನ್ನೋಕೆ ಆ ಹೆಸರಿಟ್ವಿ.”

ಹೊರಗೆ ಗಾಳಿ ಬಾಗಿಲನ್ನು ಗುದ್ದಿತು.

ಎನೆಬಿಶ್ ತಿರುಗಿ ಬಾಗಿಲನ್ನೇ ದಿಟ್ಟಿಸಿದಳು. ಮರಿಯ ತಲೆಯ ಮೇಲೆ ಕೈಯಿಟ್ಟು, “ಇದಲ್ಲ!” ಎಂದು ಗಟ್ಟಿಯಾಗಿ ಹೇಳಿದಳು. “ಕೇಳಿಸ್ತಾ? ಇದೂ ಅಲ್ಲ!”

ಮತ್ತೆ ಹಾಡಿಗೆ ತಿರುಗಿದಳು. ಕಪ್ಪು ಕುರಿ ಈ ಸಲ ದೂಡಲಿಲ್ಲ. ಮರಿ ಕೆಚ್ಚಲಿಗೆ ಬಾಯಿಟ್ಟಿತು, ಬಾಲ ಪಟಪಟ ಅಲ್ಲಾಡಿತು. ಅಪ್ಪ ಒಲೆಗೆ ಇನ್ನೊಂದು ಬೆರಣಿ ಹಾಕಿದ.

ಹೊರಗಿನಿಂದ ಚುಲೂನ್ ಕೂಗಿದ: “ಏಯ್ ‘ಇದಲ್ಲ’!”

“ಏನೋ?” ಎಂದಳು ಎನೆಬಿಶ್.

“ಮ್ಯಾ,” ಎಂದಿತು ಮರಿ.