ಪಟ್ಟಿ ಬಿಚ್ಚಿದ ದನಿ

ಕೊರಳಿನಲ್ಲಿ ಪಟ್ಟಿ ಮೆಲ್ಲಗೆ ಮಿಡಿಯಿತು. ನೀಲಾಂಬಿಕೆ ತಡೆದು, ‘ಕೆ’ ಬದಲು ‘ಕುಯೊ’ ಎಂದಳು. ಮಿಡಿತ ನಿಂತಿತು.

ಗಂಡ ಗುರುಸಿದ್ಧನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಲಿನವನು ಎಂದಿನಂತೆ ಬಂದುಹೋಗಿದ್ದ. ಅವಳು ಚಹಾ ಕುಡಿದು ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು.

ಬಳ್ಳಾರಿಯಲ್ಲಿ ಕೂತು ಚಿಲಿ ದೇಶದ ತಾಮ್ರದ ಗಣಿಗಳನ್ನು ಕಾಯುವ ಉದ್ಯೋಗ ಊರಿಗೆ ಹೊಸದೇನಲ್ಲ. ಪರದೆಯ ಮುಂದಿನ ಕಾವಲುಗಾರರು ಬಂಡೆಯೊಳಗಿನ ಸದ್ದು ಅಳೆದು, ಸುರಂಗದಲ್ಲಿದ್ದವರಿಗೆ ಸ್ಪ್ಯಾನಿಶ್‌ನಲ್ಲಿ ಎಚ್ಚರಿಕೆ ಕೊಡಬೇಕು. ಕನ್ನಡದಲ್ಲಿ ‘ಛಾವಣಿ ಬಿರಿದ ಸುರಂಗ’ ಎಂದರೆ ಮುಗಿಯಿತು. ಸ್ಪ್ಯಾನಿಶ್‌ನಲ್ಲಿ ಸುರಂಗ ಮೊದಲು, ನಂತರ ‘ಕೆ’, ‘ಕುಯೊ’ಗಳಂಥ ಒಂದು ಕೊಂಡಿಪದ, ಆಮೇಲೆ ಛಾವಣಿ. ಯಾವ ಕೊಂಡಿ ಎಂಬಲ್ಲಿ ಕನ್ನಡಿಗರ ನಾಲಿಗೆ ತೊಡರುತ್ತಿತ್ತು. ವಿಜ್ಞಾನಿ ಫರ್ಜಾನಾ ಮುಲ್ಲಾ ರೂಪಿಸಿದ ಪಟ್ಟಿ, ಮಾತು ಹೊರಡುವ ಮೊದಲೇ ಕೊರಳಿನ ನರಗಳ ಸಂಜ್ಞೆ ಓದಿ ತಪ್ಪನ್ನು ತಡೆಯುತ್ತಿತ್ತು. ಕಾವಲುಗಾರನಾಗಿದ್ದ ಗುರುಸಿದ್ಧ ಅದನ್ನು ಅವರಿಂದ ಎರವಲು ತಂದಿದ್ದ. ಈಗ ತೆರವಾದ ಅವನ ಕುರ್ಚಿ ನೀಲಾಂಬಿಕೆಗೆ ಬೇಕಿತ್ತು.

ಪರೀಕ್ಷೆ ಮಾಡಿದವನು ಗಣಿಯ ಮೇಸ್ತ್ರಿ ಇಗ್ನಾಸಿಯೊ. ಅವಳ ಉತ್ತರಗಳನ್ನು ಚಿಲಿಯಿಂದಲೇ ರೇಡಿಯೊದಲ್ಲಿ ಕೊನೆಯವರೆಗೂ ಕೇಳಿದ.

“ಒಂದೂ ತಪ್ಪಿಲ್ಲ. ಆದರೆ ಒಪ್ಪಲಾರೆ.”

“ಯಾಕೆ?”

“ಸುರಂಗದ ರೇಡಿಯೊದಲ್ಲಿ ಎಲ್ಲರ ದನಿಯೂ ತಗಡು. ಮಾತಿನ ವರಸೆ ಹಿಡಿದೇ ಹುಡುಗರು ಆಳನ್ನು ಗುರುತಿಸುತ್ತಾರೆ. ಗುರುತಿಲ್ಲದವರು ‘ಓಡಿ’ ಅಂದರೆ ಓಡುವುದಿಲ್ಲ, ‘ಯಾರು’ ಅನ್ನುತ್ತಾರೆ. ಪಟ್ಟಿ ಕಟ್ಟಿದವರೆಲ್ಲ ಒಂದೇ ತರ. ನಿನ್ನ ಗಂಡ ಅದನ್ನು ಬಿಚ್ಚಿಟ್ಟು ಕುರ್ಚಿಗೆ ಬರುತ್ತಿದ್ದ. ಎಂಥೆಂಥ ತಪ್ಪು, ಸೆನ್ಯೋರಾ! ಆ ತಪ್ಪು ಕಿವಿಗೆ ಬಿದ್ದರೆ ಸಾಕು, ಎದ್ದು ಓಡುತ್ತಿದ್ದೆವು.”

ಗುರುಸಿದ್ಧ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ನೀಲಾಂಬಿಕೆ ಪಟ್ಟಿ ಬಿಚ್ಚಿದಳು. ಬರಿಕೊರಳಿನಲ್ಲೇ ಎಚ್ಚರಿಕೆ ಹೇಳುವಾಗ, ಮನುಷ್ಯರಿಗಷ್ಟೇ ಸಲ್ಲುವ ‘ಕಿಯೆನ್’ ಎಂಬ ಕೊಂಡಿಯನ್ನು ಬಂಡೆ ಕೊರೆಯುವ ಯಂತ್ರಕ್ಕೆ ಹಚ್ಚಿದಳು.

ಇಗ್ನಾಸಿಯೊ ನಕ್ಕ. “ಯಂತ್ರಕ್ಕೆ ಇಷ್ಟು ಮರ್ಯಾದೆಯೇ?”

“ನಮ್ಮಲ್ಲಿ ಆಯುಧಪೂಜೆಗೆ ಅದಕ್ಕೂ ವಿಭೂತಿ ಹಚ್ಚುತ್ತೇವೆ.”

“ಸಾಕು. ಹುಡುಗರು ಇನ್ನು ನಿನ್ನನ್ನು ಮರೆಯುವುದಿಲ್ಲ. ನಾಳೆಯೇ ಬಾ.”

ಸಂಜೆ ಅವಳು ಪಟ್ಟಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಫರ್ಜಾನಾ ಮನೆಗೆ ಹೋದಳು.

“ಯಾಕವಾ, ಪಟ್ಟಿ ಕೆಲಸ ಮಾಡಂಗಿಲ್ಲೇನು?”

“ಚೊಲೋ ಮಾಡ್ತದರೀ ಅಕ್ಕಾರ. ಎಲ್ಲಾರನ್ನೂ ಒಂದಽ ಮಾಡ್ತದ.” ಮೇಸ್ತ್ರಿ ಹೇಳಿದ್ದನ್ನು ತಿಳಿಸಿದಳು.

ಫರ್ಜಾನಾ ಡಬ್ಬಿಯತ್ತ ನೋಡಿದರು. “ನಮ್ಮಜ್ಜಿ ಕಾಲದಾಗ ಫೋನು ಮುಂದಿನ ಶಬ್ದ ತಾನಽ ಬರದು ಕೊಡ್ತಿತ್ತಂತ. ಮದುವಿ ಶುಭಾಶಯ, ಸಾವಿನ ಸಂತಾಪ, ಎಲ್ಲಾ ಒಬ್ಬರಽ ಬರದಂಗ. ಆಗಽ ಯಾರರೆ ‘ಇದು ಯಾರ ಮಾತು’ ಅಂತ ಕೇಳಬೇಕಿತ್ತು.” ಆಮೇಲೆ ದನಿ ತಗ್ಗಿಸಿದರು. “ಇದರಾಗ ನಿನ್ನ ಗಂಡನ ಕೊರಳಿನ ಗುರುತು ಇನ್ನಾ ಐತಿ. ಇಟಗೊಂತೀಯೇನು?”

“ಬ್ಯಾಡ್ರೀ. ಇದರಾಗಿರಾಂವ ತಿದ್ದಿದ ಗುರುಸಿದ್ಧ.”

ಅವಳು ಡಬ್ಬಿಯನ್ನು ಅವರ ಕೈಗಿತ್ತಳು. ಎರವಲು ತಂದದ್ದನ್ನು ಹಾಗೇ ಮರಳಿಸಬಾರದೆಂದು, ಪಟ್ಟಿಯ ಪಕ್ಕದಲ್ಲಿ ಒಂದು ತುಂಡು ಬೆಲ್ಲ ಇಟ್ಟಿದ್ದಳು.