ಕಡ ತಂದ ಕಳ್ಳಿ

ಕಿರಣನನ್ನು ಮಣ್ಣು ಮಾಡಿ, ನೆಂಟರೆಲ್ಲ ಊರಿಗೆ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಗು. ಬಾಗಿಲಲ್ಲಿ ಎಂದಿನಂತೆ ಎರಡು ಹಾಲಿನ ಪ್ಯಾಕೆಟ್. ಮೋಟರ್ ಹಾಕಿದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಕಿಟಕಿಯ ಬಳಿ ಹೋಗಿ, ಮುಳ್ಳು ತಪ್ಪಿಸಿ, ಕಳ್ಳಿಯ ಬುಡ ಮುಟ್ಟಿದೆ.

ಬೆರಳು ಒಳಗೆ ಹೋಯಿತು.

ಕುಂಡದ ಮಣ್ಣು ಕೆಸರಾಗಿತ್ತು. ಅದರ ಮೇಲೊಂದು ಬಿಲ್ವಪತ್ರೆ.

“ಅತ್ತೆ, ಇದಕ್ಕೆ ನೀರು ಹಾಕಿದ್ರಾ?”

“ಪೂಜೆ ನೀರು ಕಣವ್ವ. ತುಳಿಯೋ ಕಡೆ ಚೆಲ್ಲಬಾರದಲ್ಲ? ದಿನಾ ಇದಕ್ಕೇ ಹಾಕ್ದೆ. ನನ್ನ ಮಗ ತಂದ ಗಿಡ, ಒಣಗಬಾರದು ಅಂತ.”

ನಮ್ಮಲ್ಲಿ ಸಾವಿಗೆ ಸೂತಕವಿಲ್ಲ. ಲಿಂಗಪೂಜೆ ನಿಲ್ಲುವುದಿಲ್ಲ. ಬಸವೇಶ್ವರನಗರದ ಈ ಮಹಡಿ ಮನೆಯಲ್ಲಿ ಬೇರೆ ಕುಂಡವೂ ಇರಲಿಲ್ಲ.

“ಸರಿ ಅತ್ತೆ,” ಎಂದೆ. ಎದೆ ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲೂ ಹೀಗೆ ಬಡಿದುಕೊಂಡಿರಲಿಲ್ಲ. ಆ ಕಳ್ಳಿ ನಮ್ಮದಲ್ಲ. ಮಲ್ಲತ್ತಹಳ್ಳಿಯಲ್ಲಿ ನರ್ಸರಿ ಇಟ್ಟಿರುವ ಗೆಳೆಯ ಮಹದೇವ್‌ನಿಂದ ಕಿರಣ್ ಕಡ ತಂದಿದ್ದ. ಹೂ ಬಿಟ್ಟ ಮೇಲೆ ವಾಪಸ್ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅವನು ಉಳಿಸಿಹೋದ ಒಂದೇ ಕೆಲಸ, ಅದೂ ಕೊಳೆಯುತ್ತಿತ್ತು.

ಹೂವಿನ ಮಾತು ನಮ್ಮ ನಡುವೆ ಮೊದಲ ದಿನದಿಂದಲೂ ಇತ್ತು. ಜ್ಞಾನಭಾರತಿಯ ಬಾಟನಿ ಲ್ಯಾಬ್. ನಾನು ನಲ್ಲಿಯ ಕೆಳಗೆ ಕಳ್ಳಿಯ ಬೇರು ತೊಳೆಯುತ್ತಿದ್ದೆ. ಕಿರಣ್ ಮೈಕ್ರೋಸ್ಕೋಪ್ ರಿಪೇರಿಗೆ ಬಂದಿದ್ದ.

“ಗಿಡಕ್ಕೆ ಸ್ನಾನಾನಾ ಮೇಡಂ?”

“ಬೇರು ನೋಡ್ಬೇಕು.”

“ಹೂ ನೋಡಲ್ವಾ?”

“ಹೂ ಎಲ್ರೂ ನೋಡ್ತಾರೆ.”

ಅವನು ಲೆನ್ಸಿಗೆ ಒಂದು ಕಣ್ಣಿಟ್ಟ. ಇನ್ನೊಂದು ಕಣ್ಣು ನನ್ನ ಮೇಲೇ ಇತ್ತು. ನಾನು ಹುಬ್ಬೇರಿಸಿದೆ.

“ಎರಡೂ ಕಣ್ಣು ಬಿಟ್ಕೊಂಡೇ ನೋಡ್ಬೇಕು ಮೇಡಂ. ಅದೇ ಸರಿಯಾದ ಪದ್ಧತಿ.”

ಅದು ನಿಜ. ಅದಕ್ಕೇ ಬೈಯಲಾಗಲಿಲ್ಲ.

ಮದುವೆಯಾದ ಮೇಲೂ ಹಂಗಿಸುತ್ತಿದ್ದ. “ಕಳ್ಳಿ ಓದಿ ಎಂ.ಎಸ್ಸಿ. ಮಾಡಿದವಳು, ಒಂದು ಕಳ್ಳಿ ಹೂವನ್ನೂ ನೆಟ್ಟಗೆ ನೋಡಿಲ್ಲ ಕಣೇ.” ಕೊನೆಗೆ ಮೊಗ್ಗಿದ್ದ ಗಿಡವನ್ನೇ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. ಮೊಗ್ಗು ಅರಳುವ ಮೊದಲೇ ಅವನ ಹೃದಯ ನಿಂತಿತು.

ಈಗ ಕುಂಡ ಬೋರಲು ಹಾಕಿದೆ. ಬೇರುಗಳು ಕೈಗೆ ಕಂದು ಸಿಪ್ಪೆಯಾಗಿ ಬಂದವು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ ಬುಡ ಕತ್ತರಿಸಿದೆ. ಒಳಗಿನ ಉಂಗುರ ಕೆಂಪಾಗಿತ್ತು, ಕೊಳೆ ಅಲ್ಲಿಗೂ ಏರಿತ್ತು. ಇನ್ನಷ್ಟು ಕತ್ತರಿಸಿದೆ. ಇನ್ನೂ ಕೆಂಪು. ಉಂಗುರ ಬೆಳ್ಳಗೆ ಕಾಣುವ ಹೊತ್ತಿಗೆ ಅರ್ಧ ಗಿಡ ಮಾತ್ರ ಉಳಿದಿತ್ತು. ಮೊಗ್ಗು ಉದುರಿ ಸಿಂಕಿನಲ್ಲಿ ಬಿದ್ದಿತ್ತು.

ಗಾಯ ಒಣಗಲು ನನ್ನ ಕೋಣೆಯಲ್ಲಿ ಬಿಟ್ಟೆ. ಹಸಿ ಗಾಯಕ್ಕೆ ನೀರು ತಾಗಿದರೆ ಮತ್ತೆ ಕೊಳೆಯುತ್ತದೆ. ಕೆಲವು ದಿನ ಕಳೆದು ಸಿಪ್ಪೆಗಟ್ಟಿದ ಮೇಲೆ, ಅದೇ ಕುಂಡದಲ್ಲಿ ಒಣಮರಳಿನ ಮೇಲೆ ಕೂರಿಸಿ ಮತ್ತೆ ಕಿಟಕಿಗೆ ತಂದಿಟ್ಟೆ.

ಮರುದಿನ ಅತ್ತೆ ಪೂಜೆಯ ಬಟ್ಟಲು ಹಿಡಿದು ಬಂದರು.

“ಬೇಡ ಅತ್ತೆ!” ದನಿ ಜೋರಾಯಿತು.

ಅವರು ಮೋಟಾಗಿದ್ದ ಗಿಡ ನೋಡಿದರು. “ನಾನೇ ಕೊಳೆಸಿದ್ನಾ?”

“ಇದರ ಬೇರು ಬೇರೆ ಥರ ಅತ್ತೆ. ಮಳೆ ಇಲ್ದಿದ್ರೆ ಸಣ್ಣ ಬೇರುಗಳೆಲ್ಲ ತಾವಾಗೇ ಸಾಯ್ತವೆ. ಮಳೆ ಬಿದ್ರೆ ಬೇಗ ಹೊಸವು ಹುಟ್ತವೆ. ಈಗ ಅದಕ್ಕೆ ಬಾಯಾರಬೇಕು.”

“ಹೊಸವು ಹುಟ್ತಾವೇನವ್ವಾ?”

“ನೋಡ್ಬೇಕು.”

ಅಂದಿನಿಂದ ಅವರು ಬಟ್ಟಲು ಹಿಡಿದು, ಮೊಣಕಾಲು ನೀವಿಕೊಳ್ಳುತ್ತ, ಕೆಳಗಿಳಿದು ರಸ್ತೆಯ ಹೊಂಗೆಮರಕ್ಕೆ ನೀರು ಹಾಕಿ ಬರತೊಡಗಿದರು. ಬಂದವರೇ ಕೇಳುತ್ತಿದ್ದರು, “ಬಂತಾ?”

ಗೊತ್ತಿರಲಿಲ್ಲ. ಕಿತ್ತು ನೋಡಿದರೆ, ಬಂದಿರುವ ಬೇರು ಮುರಿಯುತ್ತದೆ. ನೋಡದಿದ್ದರೆ ಕೊಳೆತಿದ್ದೂ ತಿಳಿಯುವುದಿಲ್ಲ. ಅನ್ನಕ್ಕಿಟ್ಟು ಬಂದು ನೋಡುವೆ, ಬಟ್ಟೆ ಹರವಿ ಬಂದು ನೋಡುವೆ. ಮಹದೇವ್ ಫೋನ್ ಬಂದರೆ ಎತ್ತುತ್ತಿರಲಿಲ್ಲ.

ಒಂದು ಬೆಳಗ್ಗೆ ತಡೆಯಲಾಗದೆ, ಚಿಮಟದಿಂದ ಹಿಡಿದು ಮೆಲ್ಲಗೆ ಎಳೆದೆ. ಗಿಡ ಬರಲಿಲ್ಲ. ಮರಳನ್ನು ಹಿಡಿದುಕೊಂಡಿತ್ತು.

“ಅತ್ತೆ, ಬಟ್ಟಲು ತನ್ನಿ. ಒಂದೇ ಉದ್ಧರಣೆ ನೀರು.”

ಅವರು ಬುಡಕ್ಕೆ ಬಿಟ್ಟರು. ನೀರು ಮರಳಿಗಿಳಿಯುವುದನ್ನು ಇಬ್ಬರೂ ನೋಡುತ್ತ ನಿಂತೆವು.

ಗಿಡ ಚೇತರಿಸಿಕೊಂಡ ಮೇಲೆ ಮಲ್ಲತ್ತಹಳ್ಳಿಗೆ ಆಟೋ ಹಿಡಿದೆ. ಹಂಪ್ ಬಂದಾಗಲೆಲ್ಲ ಕುಂಡವನ್ನು ಎತ್ತಿ ಹಿಡಿಯುತ್ತಿದ್ದೆ. ಮಹದೇವ್ ಪೈಪು ಕೆಳಗಿಟ್ಟು ಬಂದ.

“ಕೊಳೆತುಹೋಗಿತ್ತು,” ಅವನು ಕೇಳುವ ಮೊದಲೇ ಹೇಳಿದೆ. “ಅರ್ಧ ಕತ್ತರಿಸಿದೆ. ಮೊಗ್ಗು ಹೋಯ್ತು. ಬೇರು ಹೊಸದು.”

ಮಹದೇವ್ ಕುಂಡವನ್ನು ನೋಡಿದ, ನನ್ನನ್ನು ನೋಡಿದ. “ಒಯ್ಯುವಾಗ ಕಿರಣ್ ಏನಂದ ಗೊತ್ತಾ ಅತ್ತಿಗೆ? ‘ಹೂ ತೋರಿಸೋಕೆ ಒಯ್ತಾ ಇದೀನಿ ಗುರು. ಆದ್ರೆ ಅವಳು ಕಿತ್ತು ಬೇರು ನೋಡದೆ ಬಿಡಲ್ಲ. ಹೂ ಇಲ್ದೆ ವಾಪಸ್ ಬಂದ್ರೆ ಬೈಬೇಡ.’”

ನಕ್ಕುಬಿಟ್ಟೆ. ಗಂಟಲಿನಿಂದ ಬಂದದ್ದು ನನ್ನ ದನಿಯೇ ಎಂದು ಗಾಬರಿಯಾಯಿತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಮಹದೇವ್ ಪೈಪು ಎತ್ತಿಕೊಂಡು ಆ ಕಡೆ ತಿರುಗಿ ನಿಂತ.

ಎರಡು ಸಾಲು ಗಿಡಕ್ಕೆ ನೀರು ಬಿಟ್ಟು ಬಂದು, “ನೀವೇ ಇಟ್ಕೊಳ್ಳಿ ಅತ್ತಿಗೆ,” ಎಂದ.

“ಬೇಡ. ಕಡ ತಂದಿದ್ದು.” ಸೆರಗಿನಿಂದ ಮುಖ ಒರೆಸಿಕೊಂಡೆ. “ಮೊಗ್ಗು ಬಂದ್ರೆ ಫೋನ್ ಮಾಡಿ. ಎತ್ತುತ್ತೀನಿ.”

ಬೆಂಚಿನ ಮೇಲೆ, ಕಳ್ಳಿಗಳ ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಕಿರಣ್ ಎತ್ತಿದ ಕುಂಡದ ದುಂಡನೆಯ ಗುರುತು ಇನ್ನೂ ಕಾಣುತ್ತಿತ್ತು. ಅದರ ಮೇಲೆ ಸರಿಯಾಗಿ ಕೂರುವಂತೆ ಕುಂಡವನ್ನು ಇಟ್ಟು, ಕೈ ಬಿಟ್ಟೆ.