ನೂರು ತಾಸಿನ ಎಣ್ಣೆ

ಕರಿಗಡ್ಡೆಯಲ್ಲಿ ಇಬ್ಬರು ಸಿಕ್ಕಿಬಿದ್ದಿದ್ದರು. ಗಡ್ಡೆ ಮುಳುಗುವುದರೊಳಗೆ ಅವರನ್ನು ದಡಕ್ಕೆ ತರಬೇಕಿತ್ತು. ಕೆಲಸ ಇಷ್ಟೇ.

ಸಿಕ್ಕಿಬಿದ್ದವರು ದೋಣಿ ನಡೆಸುವ ರುದ್ರೇಶನ ಅಕ್ಕ ಭೀಮಕ್ಕ ಮತ್ತು ಅವಳ ಗಂಡ ಕುಬೇರಪ್ಪ. ಹನುಮಸಾಗರದ ಕಡೆಯ ಕುರಿಗಾರರು. ಈ ವರ್ಷ ಅತ್ತ ಮಳೆ ತಡವಾದ್ದರಿಂದ, ಅರವತ್ತು ಕುರಿ ಇಟ್ಟುಕೊಂಡು ಇನ್ನೂ ತುಂಗಭದ್ರೆಯ ಈ ನಡುಗಡ್ಡೆಯಲ್ಲೇ ಉಳಿದಿದ್ದರು. ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಎಂದು ಹಿಂದಿನ ದಿನವೇ ಡಂಗುರ ಹೊಡೆಸಿದ್ದರು. ಎರಡು ಕುರಿ ಆಗಷ್ಟೇ ಈದಿವೆ, ಮರಿಗಳು ಒಂದು ದಿನ ಗಟ್ಟಿಯಾಗಲಿ ಎಂದು ಕುಬೇರಪ್ಪ ಕೂತ. ಕುರಿಗಾರನ ಜೀವ ಅವನದು, ಬೇರೇನು ಮಾಡಿಯಾನು? ಹೊಳೆ ಕಾಯಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಭೀಮಕ್ಕನ ಫೋನು ಬಂತು. “ತಮ್ಮಾ, ಗುಡಿಸಲದಾಗ ನೀರ ಹೊಕ್ಕಾವು. ನಾವಿಬ್ರೂ ದೊಡ್ಡ ಕಲ್ಲಗುಂಡ ಏರೇವಿ. ಲಗೂನ ಬಾ.” ಅಷ್ಟಕ್ಕೇ ಫೋನು ಸತ್ತಿತು.

ಸರ್ಕಾರದ ಬೋಟು ಕೆಳಗಿನ ಊರಲ್ಲಿ ಜನರನ್ನು ಸಾಗಿಸುತ್ತಿತ್ತು. ಬರಲು ಮೂರು ತಾಸು ಬೇಕು ಎಂದರು.

“ಮೂರ ತಾಸಿಗೆ ಆ ಗುಂಡ ಕಾಣಾಂಗಿಲ್ಲ,” ಎಂದಳು ಹುಲಿಗವ್ವ. ನಲವತ್ತು ವರ್ಷ ಈ ಹೊಳೆಯಲ್ಲಿ ಹರಿಗೋಲು ಹಾಕಿದ ಹೆಂಗಸು. ನೀರಿನ ವಿಷಯದಲ್ಲಿ ಅವಳ ಮಾತಿಗೆ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಉದ್ದನೆಯ ಬಿದಿರ ಗಳ ಎತ್ತಿಕೊಂಡು, ಯಾರೂ ಕರೆಯದೆಯೇ ದೋಣಿಯ ಮುಂದಿನ ತುದಿಯಲ್ಲಿ ಕೂತಳು.

ಮೂರನೆಯವನು ಮಾಜೀದ. ಸಿದ್ದಾಪುರದಲ್ಲಿ ಭತ್ತ ಕೊಯ್ಯುವ ಯಂತ್ರ, ಪಂಪ್‌ಸೆಟ್ಟು ರಿಪೇರಿ ಮಾಡುವವನು, ರುದ್ರೇಶನ ಗೆಳೆಯ. ಅಂದು ಯಾರದೋ ಗದ್ದೆಯ ಪಂಪಿಗೆಂದು ಬಂದಿದ್ದ. ದೋಣಿ ಹತ್ತಿದವನೇ ಮೊದಲು ಇಂಜಿನ್ನಿನ ಅಳತೆಕಡ್ಡಿ ಎಳೆದು ನೋಡಿದ. ಆಯಿಲ್ ಕರ್ರಗಾಗಿತ್ತು, ಬೆರಳಿಗೆ ಮಸಿ ಹತ್ತಿತು.

“ಇನ್ನೂ ಬದ್ಲಿ ಮಾಡಿಲ್ಲೇನ ನೀ?”

“ಅಮಾಸಿ ಇನ್ನ ಒಂಬತ್ತ ದಿನ ಐತಿ,” ಎಂದ ರುದ್ರೇಶ.

ನಮ್ಮ ಕಡೆ ಅಮಾವಾಸ್ಯೆಗೆ ಟ್ರ್ಯಾಕ್ಟರು, ಲಾರಿ ಎಲ್ಲಕ್ಕೂ ಪೂಜೆ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ರುದ್ರೇಶನಿಗೆ ದೋಣಿ ಕಲಿಸಿದ ಹಂಪಣ್ಣ ಆಯಿಲು, ಫಿಲ್ಟರುಗಳನ್ನೂ ಆ ದಿನವೇ ಬದಲಿಸುತ್ತಿದ್ದ. ರುದ್ರೇಶನೂ ಹಾಗೇ. ಉಳಿದ ತಿಂಗಳುಗಳಲ್ಲಿ ಅದಕ್ಕೇನೂ ಕುಂದಿರಲಿಲ್ಲ. ದಿನಕ್ಕೆ ಮೂರು ತಾಸು ಓಡುವ ದೋಣಿ, ತಿಂಗಳಿಗೆ ತೊಂಬತ್ತು ತಾಸು. ಆದರೆ ಈ ಸಲ ರಿಪೇರಿಗೆಂದು ಸೇತುವೆ ಮುಚ್ಚಿತ್ತು, ನಾಟಿ ಜೋರಿತ್ತು, ಹೆಣ್ಣಾಳುಗಳನ್ನೂ ಸಸಿ ಕಟ್ಟುಗಳನ್ನೂ ಹೊತ್ತು ದೋಣಿ ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತೊಂದು ದಿನ ಓಡಿತ್ತು. ಇನ್ನೂರಿಪ್ಪತ್ತು ತಾಸಂತೂ ದಾಟಿತ್ತು. ನೂರು ತಾಸಿಗೊಮ್ಮೆ ಎಣ್ಣೆ ಬದಲಿಸಿ ಎಂದು ಇಂಜಿನ್ ಜತೆ ಬಂದ ಪುಸ್ತಕದಲ್ಲೇ ಇತ್ತು. ಪುಸ್ತಕ ದಡದ ಶೆಡ್ಡಿನಲ್ಲಿ ದೇವರ ಫೋಟೋದ ಹಿಂದಿತ್ತು. ಹೊಸ ಫಿಲ್ಟರು ಫೋಟೋದ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅಮಾವಾಸ್ಯೆಗಾಗಿ ಕಾಯುತ್ತಿತ್ತು. ಹತ್ತು ದಿನದ ಹಿಂದೆ ಮಾಜೀದ ಎಚ್ಚರಿಸಿದಾಗ, ಅಮಾವಾಸ್ಯೆ ಬಿಟ್ಟು ನಡುವೆ ಬಿಚ್ಚಿದರೆ ಒಳ್ಳೆಯದಾಗುವುದಿಲ್ಲ ಎಂದು ರುದ್ರೇಶ ನಕ್ಕಿದ್ದ.

“ಅರ್ಧ ತಾಸ ಕೊಡು, ಇಲ್ಲೇ ಬದ್ಲಿ ಮಾಡ್ತೀನಿ,” ಎಂದ ಮಾಜೀದ.

“ನಮ್ಮಕ್ಕ ನೀರಾಗ ಅದಾಳ. ಅರ್ಧ ತಾಸ ಎಲ್ಲಿಂದ ತರ್ಲಿ? ನಡಿ.”

ಮಾಜೀದ ದಡದ ಶೆಡ್ಡಿಗೆ ಓಡಿ, ದೇವರ ಮುಂದಿನ ಫಿಲ್ಟರನ್ನೂ ಹೊಸ ಆಯಿಲಿನ ಕ್ಯಾನನ್ನೂ ಎತ್ತಿಕೊಂಡು ಬಂದ.

ಕರಿಗಡ್ಡೆ ಇದ್ದದ್ದು ಮೇಲ್ಗಡೆ, ಮೂರು ಕಿಲೋಮೀಟರು. ಇಡೀ ದಾರಿ ಸೆಳವಿಗೆ ಎದುರು. ಬೇಸಿಗೆಯಲ್ಲಿ ಅಲ್ಲಿ ಹೊಳೆಗಿಂತ ಕಲ್ಲೇ ಹೆಚ್ಚು. ಆನೆಗಾತ್ರದ ಗುಂಡುಗಳ ನಡುವೆ ನೀರು ಸಣ್ಣಗೆ ಹರಿಯುತ್ತದೆ, ಮಂದಿ ನಡೆದೇ ದಾಟುತ್ತಾರೆ. ಈಗ ಗುಂಡುಗಳೆಲ್ಲ ಒಳಗೆ ಹೋಗಿದ್ದವು. ಅವು ಎಲ್ಲಿವೆ ಎಂಬುದು ಮೇಲೆ ಸುತ್ತುವ ಸುಳಿಗಳಿಂದಷ್ಟೇ ತಿಳಿಯುತ್ತಿತ್ತು. ಕೆಂಪು ನೀರಿನಲ್ಲಿ ಬಾಳೆಗಿಡ, ಮೇವಿನ ಸಿವುಡು, ಒಂದು ಪ್ಲಾಸ್ಟಿಕ್ ಕುರ್ಚಿ ಎದುರು ಬಂದು ಪಕ್ಕಕ್ಕೆ ಸರಿದುಹೋದವು. ಎರಡೂ ದಡದ ಭತ್ತದ ಗದ್ದೆಗಳಲ್ಲಿ ಮೊನ್ನೆ ನೆಟ್ಟ ಸಸಿ ಒಂದೂ ಕಾಣುತ್ತಿರಲಿಲ್ಲ.

“ಬಲಕ್ಕ ತಗೋ. ಇನ್ನ ಬಲಕ್ಕ,” ಎನ್ನುತ್ತಿದ್ದಳು ಹುಲಿಗವ್ವ. ಗಳ ನೀರಿಗಿಳಿಯಿತು, ಕಲ್ಲಿಗೆ ಬಡಿಯಿತು. “ಐತಿ ಇಲ್ಲೊಂದು. ದಾಟಿದ್ವಿ. ಈಗ ನೆಟ್ಟಗ.”

ಮುಕ್ಕಾಲು ತಾಸು ಇಂಜಿನ್ ಪೂರ್ತಿ ಗಂಟಲಲ್ಲಿ ಕೂಗಿತು. ತಿರುವು ದಾಟಿದಾಗ ದೂರದಲ್ಲಿ ದೊಡ್ಡ ಗುಂಡು ಕಂಡಿತು, ಅದರ ನೆತ್ತಿಯ ಮೇಲೆ ಎರಡು ಚುಕ್ಕೆ. ರುದ್ರೇಶನ ಎದೆ ಹಗುರವಾಯಿತು.

ಆಗಲೇ ಆಯಿಲ್ ಒತ್ತಡದ ಮುಳ್ಳು ಕೆಳಗೆ ಬಿತ್ತು.

ಇಂಜಿನ್ನಿನೊಳಗೆ ಕಟ್ ಕಟ್ ಎಂದು ಸದ್ದೆದ್ದಿತು. ಮಾಜೀದ ಹಾರಿ ಬಂದು ಇಂಜಿನ್ ಬಂದ್ ಮಾಡಿದ.

“ಯಾಕ ಬಂದ ಮಾಡಿದಿ?” ರುದ್ರೇಶ ಅವನ ಕೊರಳಪಟ್ಟಿ ಹಿಡಿದ.

“ಇನ್ನೊಂದ ನಿಮಿಷ ಓಡ್ಸಿದ್ರ ಒಳಗ ಹಿಡ್ಕೊಂಡ ಬಿಡ್ತತಿ. ಆಮ್ಯಾಲೆ ಯಾರೂ ಮನಿ ಮುಟ್ಟಾಂಗಿಲ್ಲ. ಕೈ ತಗಿ.”

ಸೆಳವು ದೋಣಿಯನ್ನು ಅಡ್ಡ ತಿರುಗಿಸಿತು. ಗಳಿಸಿದ ದಾರಿಯೆಲ್ಲ ಹಿಂದಕ್ಕೆ ಓಡತೊಡಗಿತು. ಗುಂಡು ಸಣ್ಣದಾಯಿತು. ತಿರುವಿನ ಮರೆಗೆ ಹೋಯಿತು.

“ಗಿಡ ಬಂತು! ಹಗ್ಗ ಒಗಿ,” ಎಂದು ಹುಲಿಗವ್ವ ಕೂಗಿದಳು.

ಮುಳುಗಿದ ಮತ್ತಿಮರದ ತಲೆ ನೀರ ಮೇಲೆ ನಡುಗುತ್ತಿತ್ತು. ರುದ್ರೇಶ ಎಸೆದ ಹಗ್ಗ ಮೊದಲ ಸಲ ಜಾರಿತು. ಎರಡನೆಯದು ಕೊಂಬೆಗೆ ಸುತ್ತಿಕೊಂಡಿತು. ದೋಣಿ ಜಗ್ಗಿ ನಿಂತಿತು. ಹುಲಿಗವ್ವ ಕೊಂಬೆಯನ್ನೇ ಅಪ್ಪಿಕೊಂಡು ಕೂತಳು.

ಹಳೆಯ ಆಯಿಲ್ ಕುದಿಯುವಂತೆ ಸುಡುತ್ತಿತ್ತು. ಕೆಳಗಿನ ಬೋಲ್ಟು ಬಿಚ್ಚಿದ ರುದ್ರೇಶನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವನು ಕೈ ಹಿಂದೆಗೆಯಲಿಲ್ಲ. ಫಿಲ್ಟರ್ ಬಿಗಿದು ಕೂತಿತ್ತು, ಕೈಗೆ ತಿರುಗಲಿಲ್ಲ. ಮಾಜೀದ ಸ್ಕ್ರೂಡ್ರೈವರನ್ನು ಸುತ್ತಿಗೆಯಿಂದ ಅದರ ಹೊಟ್ಟೆಯನ್ನು ತೂರಿ ಹೊರಬರುವಂತೆ ಹೊಡೆದ. ಅದನ್ನೇ ಹಿಡಿಕೆ ಮಾಡಿ ಇಬ್ಬರೂ ತಿರುವಿದರು. ತಗಡು ಹರಿಯಿತು. ಇನ್ನೊಂದು ಕಡೆ ಹೊಡೆದರು. ಕೊನೆಗೆ ಕಿರ್ರೆಂದು ಸಡಿಲಾಯಿತು.

ಹೊಸ ಫಿಲ್ಟರು ಕೈಯಲ್ಲಿ ಹಿಡಿದ ಮಾಜೀದ ಒಂದು ಕ್ಷಣ ತಡೆದ. ರಬ್ಬರಿನ ಸುತ್ತಲೂ ಕುಂಕುಮ ಮೆತ್ತಿತ್ತು.

“ಒರಸ್ಲೇನು?”

“ಒರಸಪ್ಪ,” ಎಂದ ರುದ್ರೇಶ.

ಮಾಜೀದ ಅಂಗಿಯ ತುದಿಯಿಂದ ಮೆಲ್ಲಗೆ, ಚೂರೂ ಉಳಿಯದಂತೆ ಒರೆಸಿದ. ರಬ್ಬರಿಗೆ ಹೊಸ ಎಣ್ಣೆ ಸವರಿ, ಕೈಯಿಂದಲೇ ಬಿಗಿದು ಕೂರಿಸಿದ. ಆಯಿಲ್ ಸುರಿದ. ದಡದಲ್ಲಿ ಅರ್ಧ ತಾಸಿನ ಕೆಲಸ, ಹೊಳೆಯಲ್ಲಿ ಒಂದು ತಾಸು ಹಿಡಿಯಿತು.

ಇಂಜಿನ್ ಎರಡು ಸಲ ಕೆಮ್ಮಿ ಹೊತ್ತಿತು. ಮುಳ್ಳು ಏರಿತು. ಕಟ್ ಕಟ್ ಸದ್ದು ಸಣ್ಣಗೆ ಉಳಿದೇ ಇತ್ತು.

“ಅರ್ಧ ವೇಗ ಅಷ್ಟೇ,” ಎಂದ ಮಾಜೀದ. “ಜಾಸ್ತಿ ಕೇಳಬ್ಯಾಡ ಅದಕ್ಕ.”

ಸೆಳವು ಕಡಿಮೆ ಇದ್ದ ದಡದ ಅಂಚು ಹಿಡಿದು ತೆವಳಿ ಅವರು ಗುಂಡು ಮುಟ್ಟಿದಾಗ ಅದರ ನೆತ್ತಿ ಮಂಚದಷ್ಟು ಉಳಿದಿತ್ತು. ಅದರ ಮೇಲೆ ಭೀಮಕ್ಕ ಒಬ್ಬಳೇ ಕೂತಿದ್ದಳು. ಕಂಬಳಿಯಲ್ಲಿ ಎರಡು ಮರಿ ಸುತ್ತಿಕೊಂಡಿದ್ದಳು.

ಹುಲಿಗವ್ವ ಅವಳ ರಟ್ಟೆ ಹಿಡಿದು ದೋಣಿಗೆ ಎಳೆದುಕೊಂಡಳು. “ನಿನ್ ಗಂಡ ಎಲ್ಲಿ, ತಂಗೀ?”

ಭೀಮಕ್ಕ ತಮ್ಮನನ್ನೇ ನೋಡುತ್ತಿದ್ದಳು.

“ನಿಮ್ಮ ಇಂಜಿನ್ ಸಪ್ಪಳ ಕೇಳಿಸ್ತು. ‘ಬಂದ ನಿನ್ ತಮ್ಮ’ ಅಂದ, ನಕ್ಕ. ಆಮ್ಯಾಲೆ ಸಪ್ಪಳ ನಿಂತು. ಬೋಟ ಮುಳುಗಿತು, ಇನ್ನ ಯಾರೂ ಬರಾಂಗಿಲ್ಲ ಅಂದ. ಗುಡಿಸಲದಾಗಿನ ಹಗ್ಗ ತಂದ ನಿನ್ನ ಈ ಗುಂಡಿಗೆ ಕಟ್ತೀನಿ ಅಂತ ಇಳದ. ಸೊಂಟದ ಮಟ ಇದ್ವು ನೀರು. ಇಳದಾಂವ ಏಳಲಿಲ್ಲ.”

ಬೆಳಕು ಹೋಗುವವರೆಗೂ ಅವರು ಗಡ್ಡೆಯ ಸುತ್ತ ಹುಡುಕಿದರು. ಹುಲಿಗವ್ವ ಪ್ರತಿ ಪೊದೆಗೂ ಗಳ ಹಾಕಿ ನೋಡಿದಳು. ಒಂದು ಕುರಿ ಸಿಕ್ಕಿತು, ಸತ್ತದ್ದು.

ಮರಳುವಾಗ ಸೆಳವೇ ದೋಣಿಯನ್ನು ತಂದಿತು. ಅರ್ಧ ದಾರಿಯಲ್ಲಿ ಭೀಮಕ್ಕ ಕೇಳಿದಳು.

“ಸಪ್ಪಳ ಯಾಕ ನಿಂತಿತ್ತು, ತಮ್ಮಾ?”

“ಮಷೀನ್ ಅಂದ್ರ ಹಂಗ ಅಕ್ಕಾ, ಒಮ್ಮೊಮ್ಮೆ ಕೈ ಕೊಡ್ತಾವು,” ಎಂದ ಮಾಜೀದ.

“ಸುಳ್ಳ ಹೇಳಬ್ಯಾಡ ಮಾಜೀದಾ,” ಎಂದ ರುದ್ರೇಶ. “ಆಯಿಲ್ ಸತ್ತಿತ್ತು ಅಕ್ಕಾ. ನನಗ ಗೊತ್ತಿತ್ತು. ಹತ್ತ ದಿನದಿಂದ ಗೊತ್ತಿತ್ತು. ಅಮಾಸಿಗೆ ಬದ್ಲಿ ಮಾಡೂನು ಅಂತ ಬಿಟ್ಟಿದ್ದೆ. ತಪ್ಪ ನಂದು.”

ಭೀಮಕ್ಕ ಕಂಬಳಿಯೊಳಗೆ ಮುಖ ಇಟ್ಟಳು. ದಡ ಮುಟ್ಟುವವರೆಗೂ ಮರಿಗಳದೇ ದನಿ.

ಕುಬೇರಪ್ಪ ಮೂರನೆಯ ದಿನ ಸಿಕ್ಕ. ಮಣ್ಣು ಮುಗಿಸಿ ಭೀಮಕ್ಕ ಹನುಮಸಾಗರಕ್ಕೆ ಹೋದಳು. ತಮ್ಮನೊಡನೆ ಮಾತಾಡಲಿಲ್ಲ.

ಎರಡು ತಿಂಗಳಾದ ಮೇಲೆ, ಹೊಳೆ ಇಳಿದಾಗ, ಗಂಡನಿಗೆ ಇಡುವ ಎಡೆಯ ಬುಟ್ಟಿ ಹಿಡಿದು ಅವಳು ದಡಕ್ಕೆ ಬಂದಳು. ಒಂದು ಬೆಳಗ್ಗೆ, ಹೇಳದೆ ಕೇಳದೆ. ಮರಿಗಳು ಬದುಕಿವೆ ಎಂದಳು, ಈಗ ಮೇಯುತ್ತವೆ ಎಂದಳು. ಆಮೇಲೆ ದೋಣಿಯ ಒಳಮೈ ನೋಡಿದಳು. ಹಲಗೆಯ ಮೇಲೆ ಸೀಮೆಸುಣ್ಣದ ಗೀಟುಗಳು, ಸಾಲು ಸಾಲು.

“ಇವೇನು?”

“ಆಯಿಲ್ ಬದ್ಲಿ ಮಾಡಿದಾಗಿಂದ ಓಡಿದ ತಾಸು. ತಾಸಿಗೊಂದು.”

“ಎಷ್ಟಾಗ್ಯಾವು?”

“ತೊಂಬತ್ತೊಂಬತ್ತು.”

“ಕರಿಗಡ್ಡಿಗೆ ಹೋಗಿ ಬರಾಕ ಎಷ್ಟ ಬೇಕು?”

“ಕಲ್ಲಿನ ನಡುವ ನಿಧಾನ ಹೋಗಬೇಕು, ಎರಡ ತಾಸು.” ರುದ್ರೇಶ ತಲೆ ಎತ್ತಲಿಲ್ಲ. “ಬದ್ಲಿ ಮಾಡೇ ಹೋಗಬೇಕಕ್ಕಾ. ಬಿಸಿಲ ಏರ್ತತಿ, ನಿನಗ ತಡ ಆಗ್ತತಿ.”

ಭೀಮಕ್ಕ ಬುಟ್ಟಿಯನ್ನು ನೆರಳಿಗೆ ಇಟ್ಟು ದೋಣಿ ಹತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂಜಿನ್ನಿನ ಪಕ್ಕ ಕೂತಳು.

“ಆಗ್ಲಿ. ಬಿಚ್ಚು. ಡಬ್ಬಿ ಇತ್ತ ಕೊಡು, ನಾ ಹಿಡೀತೀನಿ.”

ರುದ್ರೇಶ ಬೋಲ್ಟಿನ ಮೇಲೆ ಬಗ್ಗಿದವನು ಅಲ್ಲೇ ಅತ್ತುಬಿಟ್ಟ. ಕೈಯೆಲ್ಲ ಎಣ್ಣೆ, ಕಣ್ಣು ಒರೆಸಿಕೊಳ್ಳಲಾಗಲಿಲ್ಲ. ಭೀಮಕ್ಕ ಕೊನೆಯ ಹನಿ ಇಳಿಯುವವರೆಗೂ ಡಬ್ಬಿ ಹಿಡಿದುಕೊಂಡೇ ಕೂತಿದ್ದಳು.